ಆಟ ಕೊಡುವವನು

ಷೂಗೆ ಬಳಿದಿದ್ದ ಸೀಮೆಸುಣ್ಣ ಇನ್ನೂ ಒಣಗಿರಲಿಲ್ಲ. ಸಂಜೀವಪ್ಪ ಮೂರನೆಯ ಸಲ ಮುಟ್ಟಿ ನೋಡಿದ, ಬೆರಳಿನ ಗುರುತು ಬಿತ್ತು, ಮತ್ತೆ ಬಳಿದ. ಬೆಳಿಗ್ಗೆ ತಿಂದ ರೊಟ್ಟಿ ಹಿತ್ತಿಲಿನ ತಿಪ್ಪೆಯ ಪಾಲಾಗಿತ್ತು. ಮಧ್ಯಾಹ್ನದ ಮುದ್ದೆ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಪಿತ್ತ ಅಂತ ಹೆಂಡತಿಗೆ ಹೇಳಿದ. ಅಶ್ವತ್ಥಮ್ಮ ತಟ್ಟೆ ಎತ್ತಿಕೊಳ್ಳುತ್ತ ಅವನ ಮುಖ ನೋಡಿ, "ಪಿತ್ತವೂ ಅಲ್ಲ ಗಿತ್ತವೂ ಅಲ್ಲ, ಪುಕ್ಕಲು. ದಿನಾ ಸೋತು ಬರೋರಿಗೆ ಇವತ್ತೊಂದಿನ ಏನ್ರೀ ಹೊಸದಾಗಿ ಭಯ?" ಅಂದಳು. "ಇವತ್ತು ಗೆಲ್ಲಬೇಕು ಕಣೇ," ಅಂದ. "ಗೆಲ್ಲಿ, ಯಾರು ಬೇಡ ಅಂದೋರು? ಬೇಕಾದಾಗ ಗೆಲ್ತೀನಿ, ಬೇಕಾದಾಗ ಗೆಲ್ತೀನಿ ಅಂತ ಎರಡು ವರ್ಷದಿಂದ ಕಿವಿ ತೂತು ಮಾಡಿದೀರಲ್ಲ." ಅವಳು ತಮಾಷೆಗೇ ಅಂದದ್ದು. ಆದರೂ ಕೆನ್ನೆಗೊಂದು ಬಿಡೋಣ ಅನ್ನಿಸಿತು ಅವನಿಗೆ. ಕೈ ನಡುಗುತ್ತಿದ್ದುದು ಅವಳಿಗೆ ಕಂಡೀತು ಅಂತ ಸುಮ್ಮನಾದ.

ವಿಷಯ ಇಷ್ಟೇ. ವರ್ಷದ ಕಂದಾಯ ಲೆಕ್ಕದ ಜಮಾಬಂದಿಗೆ ಅಂತ ಡೆಪ್ಯುಟಿ ಕಮೀಷನರು ದೇವನಹಳ್ಳಿಗೆ ಬಂದಿದ್ದರು. ಲೆಕ್ಕಪತ್ರ ನೋಡುವುದು ಒಂದು ಹೊತ್ತು, ಟೆನಿಸ್ ನೋಡುವುದು ಒಂದು ಹೊತ್ತು ಅನ್ನುವಂಥ ಮನುಷ್ಯ. ಅವರ ಜೊತೆ ಕಾರಿನಲ್ಲಿ ಹೊಸಕೋಟೆಯ ದನದ ಡಾಕ್ಟರು ಚಿನ್ನಸ್ವಾಮಿಯೂ ಬಂದಿದ್ದ. ಆಚೆ ಸೀಮೆಯಲ್ಲೆಲ್ಲ ಅವನನ್ನು ಸೋಲಿಸುವವರಿಲ್ಲವಂತೆ. ಅಮಲ್ದಾರ್ ವೆಂಕಟರಾಮಪ್ಪನವರು ಸುಮ್ಮನಿರಬಹುದಿತ್ತು. ಇರಲಿಲ್ಲ. "ನಮ್ಮ ಕಚೇರಿ ಗುಮಾಸ್ತ ಒಬ್ಬ ಇದಾನೆ, ಆಡಿಸಿ ನೋಡೋಣ. ನನ್ನ ಹತ್ತಿರ ಎರಡು ವರ್ಷದಿಂದ ಒಂದು ಸೆಟ್ಟೂ ಗೆದ್ದಿಲ್ಲ ಅವನು. ಆದರೂ ನಿಮ್ಮ ಡಾಕ್ಟರಿಗೆ ಸಾಕು," ಅಂದುಬಿಟ್ಟಿದ್ದರು. ಸಾಹೇಬರು ನಕ್ಕರಂತೆ. ಆಮೇಲೆ ಅಮಲ್ದಾರರು ಸಂಜೀವಪ್ಪನನ್ನು ಕರೆಸಿ, ಕೂರು ಅನ್ನದೆ, ಫೈಲಿನಿಂದ ತಲೆಯೆತ್ತದೆ, "ನಾಳೆ ಸಂಜೆ ಗೆದ್ದರೆ ಬೂದಿಗೆರೆ ಶೇಕದಾರಿಕೆಗೆ ನಿನ್ನ ಹೆಸರು ಸಾಹೇಬರ ಕಿವಿಗೆ ಹಾಕ್ತೀನಿ. ನನ್ನ ಮಾನ ಕಾಪಾಡಬೇಕು ನೋಡಯ್ಯ," ಅಂದರು. ಹನ್ನೊಂದು ವರ್ಷ ಗುಮಾಸ್ತನಾಗಿ ಕೂತಿದ್ದವನಿಗೆ ಹೋಬಳಿಯ ಯಜಮಾನಿಕೆ! ಹುಟ್ಟೂರು ಸಾಸಲಿನ ಅವನ ದಾಯಾದಿಗಳಿಗೆ ಹೊಟ್ಟೆ ಉರಿದು ಬೂದಿಯಾಗಬೇಕು. ಆ ಖುಷಿಯಲ್ಲೇ ಮನೆಗೆ ಬಂದ. ರಾತ್ರಿ ಮಲಗುವ ಹೊತ್ತಿಗೆ ಆ ಖುಷಿ ಹೋಗಿತ್ತು.

ಗೆಲ್ಲುವುದು ಕಷ್ಟವೆಂದಲ್ಲ. ಅದನ್ನು ಅವನು ಯಾವತ್ತೂ ಒಪ್ಪಿದವನಲ್ಲ. ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಹಾಸ್ಟೆಲಿನ ಹಿಂದೆ ಕಲಿತ ಆಟ. ಆ ಆಟದಿಂದಲೇ ಗುಮಾಸ್ತನೊಬ್ಬ ಆಫೀಸರುಗಳ ಕ್ಲಬ್ಬಿನೊಳಗೆ ಕಾಲಿಡುವಂತಾಗಿತ್ತು. ಮೊದಲನೆಯ ಸಂಜೆ ಅಮಲ್ದಾರರಿಗೆ ಮೇಲಿಂದ ಮೇಲೆ ನಾಲ್ಕು ಗೇಮ್ ಹೊಡೆದ. ನೀರು ಕುಡಿಯಲು ನಿಂತಾಗ ಶಿರಸ್ತೇದಾರರು ಪಕ್ಕಕ್ಕೆ ಬಂದು, ಮೆಲ್ಲಗೆ, "ಆಡಪ್ಪ, ಬೇಡ ಅನ್ನಲ್ಲ. ನೋಡ್ಕೊಂಡು ಆಡು," ಅಂದರು. ಅಷ್ಟೇ. ಅಲ್ಲಿಂದ ಅವನು ನೋಡಿಕೊಂಡು ಆಡುತ್ತ ಬಂದ. ಸುಮ್ಮನೆ ಸೋಲುವುದಲ್ಲ ಅದು, ಅದಕ್ಕೂ ಒಂದು ಕೈಚಳಕ ಬೇಕು. ನಾಲ್ಕು ನಾಲ್ಕರವರೆಗೆ ಅಮಲ್ದಾರರನ್ನು ಬೆವರಿಳಿಸಿ ಓಡಿಸಬೇಕು. ಕೊನೆಗೆ, ಅವರು ಏದುಸಿರು ಬಿಡುತ್ತ ಮುಂದಕ್ಕೆ ಬಾಗಿ, ಬಾಯಿ ಅರ್ಧ ತೆರೆದು ನಿಂತಾಗ, ಚೆಂಡನ್ನು ನೆಟ್ಟಿನ ಮೇಲಂಚಿಗೆ ಸರಿಯಾಗಿ ತಾಗಿಸಿ ತನ್ನ ಕಡೆಗೇ ಬೀಳಿಸಬೇಕು. ಬೀಳಿಸಿ, ಎಡಗೈಯಿಂದ ತೊಡೆಗೆ ಹೊಡೆದುಕೊಂಡು "ಛೆ!" ಅನ್ನಬೇಕು. ಆ "ಛೆ"ಯನ್ನು ಅವನು ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ್ದ. ಹೆಂಡತಿಯ ಮುಂದೆ ಮಾಡಿ ತೋರಿಸಿ ನಗಿಸಿದ್ದ. ಆಟ ಮುಗಿದ ಮೇಲೆ ಆಫೀಸರುಗಳು ಬೆತ್ತದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವಾಗ ಇವನು ಕಂಬಕ್ಕೆ ಒರಗದ ಹಾಗೆ ಕಂಬದ ಪಕ್ಕ ನಿಂತು ಕುಡಿಯುತ್ತಿದ್ದ. "ಕಾಲು ಇನ್ನೂ ಸ್ವಲ್ಪ ಚುರುಕಾಗಬೇಕಯ್ಯ ನಿನಗೆ," ಅಂತ ಅಮಲ್ದಾರರು ಬುದ್ಧಿ ಹೇಳುವರು. "ಆಗಲಿ ಸ್ವಾಮಿ." ಲೋಟದೊಳಗೆ ಮುಖ ಇಟ್ಟುಕೊಂಡು ಅವನು ಒಳಗೊಳಗೇ ನಗುವನು: ಎಲೈ ಮುದುಕಪ್ಪ, ಬೇಕೆಂದರೆ ನಿನ್ನನ್ನು ಆರು ಸೊನ್ನೆಗೆ ಮಣ್ಣು ಮುಕ್ಕಿಸಬಲ್ಲೆ. ಈ ಒಂದು ಗುಟ್ಟನ್ನು ನೆಚ್ಚಿಕೊಂಡೇ ಅವನು ಕಚೇರಿಯ ಬೈಗುಳ, ನಿಂತು ಕುಡಿದ ಕಾಫಿ, ಮನೆಯ ಸೋರುವ ಹೆಂಚು ಎಲ್ಲವನ್ನೂ ಎರಡು ವರ್ಷ ನುಂಗಿದ್ದ. ಲೋಕಕ್ಕೆ ಗೊತ್ತಿಲ್ಲದಿದ್ದರೆ ಬೇಡ, ತನಗೆ ಗೊತ್ತಿತ್ತಲ್ಲ.

ಗುಟ್ಟಿಗೆ ಸಾಕ್ಷಿಯೂ ಇತ್ತು. ಮಾರ್ಕರ್ ಬೈಲಪ್ಪ. ಕ್ಲಬ್ಬಿನ ಕೋರ್ಟಿಗೆ ವಾರಕ್ಕೊಮ್ಮೆ ಸಗಣಿ ಸಾರಿಸಿ, ಕಲ್ಲುಗುಂಡು ಉರುಳಿಸಿ, ಸುಣ್ಣದ ಗೆರೆ ಎಳೆದು, ಸಂಜೆ ನೆಟ್ಟು ಬಿಚ್ಚಿಡುವ ಐವತ್ತೈದರ ಮನುಷ್ಯ. ಒಂದು ಕಾಲದಲ್ಲಿ ಬೆಂಗಳೂರು ದಂಡಿನಲ್ಲಿ ಬಿಳಿ ದೊರೆಗಳ ಕ್ಲಬ್ಬಿನಲ್ಲಿದ್ದವನು. ಆಡಲು ಜೊತೆ ಸಿಗದ ದೊರೆಗೆ ಎದುರು ನಿಂತು ಆಡುವುದು ಮಾರ್ಕರನ ಕೆಲಸ. ಕಚೇರಿ ವೇಳೆಗೆ ಮುಂಚೆ, ಬೆಳಗಿನ ಹೊತ್ತು ಸಂಜೀವಪ್ಪ ಅವನ ಜೊತೆ ಆಡಿ ದಿನವೂ ಆರು ಎರಡು, ಆರು ಮೂರು ಗೆಲ್ಲುತ್ತಿದ್ದ. ಗೆದ್ದು, ಹಿಂದಿನ ಸಂಜೆಯ ಸೋಲನ್ನೆಲ್ಲ ಅವನ ಮೇಲೆ ತೀರಿಸಿಕೊಳ್ಳುತ್ತಿದ್ದ. ಚೆಂಡನ್ನು ಬೇಕೆಂದೇ ಮೂಲೆಯಿಂದ ಮೂಲೆಗೆ ಹೊಡೆದು ಮುದುಕನನ್ನು ಓಡಿಸುವನು. ಒಂದು ಸಲ ಹೊಟ್ಟೆಗೇ ಹೊಡೆದು, "ಏನೋ, ದೊರೆಗಳ ಜೊತೆ ಆಡಿದೋನು ಅಂತೀಯ, ಪಕ್ಕಕ್ಕೆ ಸರಿಯೋಕೂ ಬರಲ್ವಾ?" ಅಂದದ್ದೂ ಉಂಟು. ಬೈಲಪ್ಪ ಹೊಟ್ಟೆ ಸವರಿಕೊಂಡು ನಗುವನು: "ನಿಮ್ಮ ಮುಂದೆ ಆಗಲ್ಲ ಬಿಡಿ ಸ್ವಾಮಿ."

ಕ್ಲಬ್ಬಿಗೆ ನಡೆದು ಹೋಗುವಾಗ ಕೋಟೆ ಗೋಡೆಯ ಮಗ್ಗುಲಲ್ಲಿ ಎರಡು ಸಲ ಕೂತು ಉಚ್ಚೆ ಹೊಯ್ದ. ಎರಡನೆಯ ಸಲ ಬರಲೇ ಇಲ್ಲ. ಎದುರಿಗೆ ಬಂದ ಶ್ಯಾನುಭೋಗರು ನಮಸ್ಕಾರ ಮಾಡಿದರೆ, ಇವರಿಗೂ ಗೊತ್ತಾಗಿದೆ, ಸೋಲುತ್ತೇನೆ ಅಂತ ನೋಡಲು ಬರುತ್ತಿದ್ದಾರೆ ಅನ್ನಿಸಿತು. ಕೋರ್ಟಿನ ಸುತ್ತ ಆಗಲೇ ಬೆಂಚು ಹಾಕಿದ್ದರು. ಸಾಹೇಬರಿಗಾಗಿ ಹಿಂದಿನ ದಿನವೇ ಮತ್ತೊಮ್ಮೆ ಸಗಣಿ ಸಾರಿಸಿದ ನೆಲ ಹಸಿರಾಗಿ, ನುಣ್ಣಗೆ, ಬಿಳಿ ಗೆರೆ ಎಳೆದುಕೊಂಡು ಮದುವೆ ಮನೆಯ ಅಂಗಳದ ಹಾಗಿತ್ತು. ಸಾಹೇಬರು ಹೊಸ ಚೆಂಡಿನ ಡಬ್ಬಿ ತಂದಿದ್ದರು. ಯುದ್ಧ ಶುರುವಾಗಿ ಹೊಸ ಚೆಂಡು ಬರುವುದು ನಿಂತ ಮೇಲೆ ಈ ಊರಿನವರು ಕಂಡಿದ್ದೆಲ್ಲ ಕೂದಲುದುರಿದ ಬೋಳು ಚೆಂಡುಗಳೇ. ಒಂದನ್ನು ಕೈಗೆ ತೆಗೆದುಕೊಂಡ. ತುಪ್ಪುಳ ಬೆವರಿಗೆ ಅಂಟಿತು. ಬೈಲಪ್ಪ ನೀರಿನ ತಂಬಿಗೆ ಹಿಡಿದು ಹತ್ತಿರ ಬಂದವನು ಇವನ ಕೈ ನೋಡಿದ. ನೋಡಿ, ಯಾರಿಗೂ ಕೇಳದ ಹಾಗೆ, "ಸ್ವಾಮಿ, ಜನದ ಮುಖ ನೋಡ್ಬೇಡಿ. ಚೆಂಡಿನ ಮೇಲೆ ಗೆರೆ ಐತಲ್ಲ, ಅದನ್ನ ನೋಡಿ. ಹೊಡೆಯೋವಾಗ ಉಸ್ರು ಬಿಡಿ. ಎಂಥೆಂಥ ದೊರೆಗಳಿಗೂ ಕೈ ನಡುಗೋದು ನೋಡೀವ್ನಿ, ಇದರಾಗೆ ನಾಚಿಕೆ ಏನಿಲ್ಲ," ಅಂದ. ಕೈ ನಡುಗುವುದು ಇವನಿಗೂ ಕಂಡಿತಲ್ಲ! "ನೀನು ನನಗೆ ಹೇಳಿಕೊಡ್ತೀಯೇನೋ?" ಅಂದ ಸಂಜೀವಪ್ಪ, ಬೆಂಚಿನವರಿಗೂ ಕೇಳಲಿ ಅಂತ ಗಟ್ಟಿಯಾಗಿ. "ದಿನಾ ನನ್ನ ಕೈಲಿ ಒದೆ ತಿನ್ನೋನು. ಹೋಗು, ಚೆಂಡು ಹೆಕ್ಕು." ಒಂದಿಬ್ಬರು ನಕ್ಕರು. ಬೈಲಪ್ಪ ತಂಬಿಗೆ ಇಟ್ಟು ಬೇಲಿಯ ಹತ್ತಿರ ಹೋಗಿ ನಿಂತ. ಯಾರನ್ನೋ ಒಬ್ಬನನ್ನು ಗದರಿದ ಮೇಲೆ ಸಂಜೀವಪ್ಪನ ಎದೆ ಸ್ವಲ್ಪ ಹತೋಟಿಗೆ ಬಂತು.

ಆದರೆ ನಾಚಿಕೆಗೆಟ್ಟು ಅವನು ಚೆಂಡಿನ ಗೆರೆಯನ್ನೇ ನೋಡಿದ, ಹೊಡೆಯುವಾಗ ಉಸಿರು ಬಿಟ್ಟ, ಅದು ಕೆಲಸಕ್ಕೂ ಬಂತು. ಚಿನ್ನಸ್ವಾಮಿ ದಪ್ಪಗಿನ ಆಳು, ಪಾಯಿಂಟು ಹೋದರೂ ನಗುವವನು, ಬಂದರೂ ನಗುವವನು. ಆ ನಗು ಮೊದಮೊದಲು ಇವನಿಗೆ ಹಿಂಸೆಯಾಯಿತು. ಆಮೇಲೆ ನಗು ಕಡಿಮೆಯಾಗುತ್ತ ಬಂದದ್ದು ಕಂಡು ಸಂತೋಷವಾಯಿತು. ಎರಡು ಎರಡು. ಮೂರು ಮೂರು. ಐದು ಮೂರು. ಬೆಂಚಿನಲ್ಲಿ ಚಪ್ಪಾಳೆ. ಈಗ ತನ್ನದೇ ಸರ್ವು, ನಲವತ್ತು ಹದಿನೈದು. ಒಂದು ಪಾಯಿಂಟು ಬಂದರೆ ಸೆಟ್ಟು ಮುಗಿಯಿತು, ಬೂದಿಗೆರೆ ಕೈಗೆ ಬಂತು. ಚಿನ್ನಸ್ವಾಮಿ ಹೇಗೋ ತಡೆದದ್ದು ನಡುವೆ ಮೆತ್ತಗೆ ಎದ್ದು ಬಂತು, ಕಣ್ಣು ಮುಚ್ಚಿ ಹೊಡೆಯಬಹುದಾದ ಚೆಂಡು. ಆಗ ಅವನು ಮಾಡಬಾರದ ಕೆಲಸ ಮಾಡಿದ. ತಲೆಯೆತ್ತಿ ಕುರ್ಚಿಗಳ ಕಡೆ ನೋಡಿದ. ಸಾಹೇಬರ ಪಕ್ಕ ಅಮಲ್ದಾರರು ಮುಂದಕ್ಕೆ ಬಾಗಿ, ಬಾಯಿ ಅರ್ಧ ತೆರೆದು ಕೂತಿದ್ದರು. ಎರಡು ವರ್ಷ, ಪ್ರತಿ ಸಂಜೆ, ಕೊನೆಯ ಪಾಯಿಂಟಿಗೆ ಅವನು ಕಂಡಿದ್ದ ಮುಖ ಅದು. ಆ ಮುಖ ಕಂಡಾಗ ಏನು ಮಾಡಬೇಕೆಂದು ಅವನ ಕೈಗೆ ಚೆನ್ನಾಗಿ ಗೊತ್ತಿತ್ತು. ಚೆಂಡು ನೆಟ್ಟಿನ ಮೇಲಂಚಿಗೆ ಸರಿಯಾಗಿ ತಾಗಿ ಈ ಕಡೆಗೇ ಬಿತ್ತು. ಎಡಗೈ ತೊಡೆಗೆ ಹೊಡೆಯಿತು. "ಛೆ!"

ಅಯ್ಯೋ, ಬೇಡ, ಇದಲ್ಲ, ಅಂದುಕೊಂಡ. ಆ ಕಡೆ ನೋಡಬಾರದು. ಗೆರೆ ನೋಡು, ಗೆರೆ. ಆದರೆ ನೋಡಬಾರದು ಅಂದುಕೊಂಡಷ್ಟೂ ಆ ಅರ್ಧ ತೆರೆದ ಬಾಯಿ ಚೆಂಡಿನ ಮೇಲೆಯೇ ಬಂದು ಕೂತಿತು. ಎರಡನೆಯದೂ ನೆಟ್ಟಿನ ಅಂಚಿಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. "ಛೆ!" ಅಮಲ್ದಾರರು ಬೀಸಿಕೊಳ್ಳುತ್ತಿದ್ದ ಬೀಸಣಿಗೆ ನಿಂತಿತು. ಮೂರನೆಯದು. "ಛೆ!" ಈ ಸಲ ಅವರು ಚೆಂಡನ್ನು ನೋಡಲೇ ಇಲ್ಲ. ನಿಧಾನವಾಗಿ ಕುರ್ಚಿಗೆ ಒರಗಿ, ಸಂಜೀವಪ್ಪನ ಎಡಗೈಯನ್ನೇ, ಅದು ತೊಡೆಯ ಮೇಲೆ ಬಿದ್ದ ಜಾಗವನ್ನೇ ನೋಡುತ್ತಿದ್ದರು. ಅವರ ಕಿವಿಯ ತುದಿ ಕೆಂಪಾಯಿತು. ಅವರಿಗೆ ತಿಳಿದುಹೋಯಿತು. ತಿಳಿದುಹೋಯಿತೆಂದು ಇವನಿಗೂ ತಿಳಿಯಿತು. ಅದಾದ ಮೇಲೆ ನಡೆದದ್ದನ್ನು ಆಟ ಅನ್ನುವಂತಿಲ್ಲ. ಐದು ನಾಲ್ಕು, ಐದು ಐದು, ಐದು ಆರು, ಐದು ಏಳು. ಚಿನ್ನಸ್ವಾಮಿ ನೆಟ್ಟಿನ ಮೇಲಿಂದ ಕೈ ಚಾಚಿ, "ಚೆನ್ನಾಗಿ ಆಡಿದ್ರಿ ಗುರು, ಕೊನೇಲಿ ಯಾಕೋ ಕೈ ಬಿಟ್ಬಿಟ್ರಿ," ಅಂದ. ಸಾಹೇಬರು ಏಳುತ್ತ, "ಏನ್ರೀ ವೆಂಕಟರಾಮಪ್ಪ, ನಿಮ್ಮ ಹತ್ತಿರ ಇವರು ಎರಡು ವರ್ಷದಿಂದ ಹೀಗೇ ಸೋಲ್ತಿದಾರೇನು?" ಅಂದರು. ಗೊತ್ತಿದ್ದು ಅಂದರೋ, ಸುಮ್ಮನೆ ಅಂದರೋ. ಕಾರು ಧೂಳೆಬ್ಬಿಸಿಕೊಂಡು ಬಂಗಲೆ ಕಡೆ ಹೋಯಿತು.

ಬಿಸಿಲು ಇನ್ನೂ ಇತ್ತು. ಉಳಿದವರು ನಾಲ್ಕೈದು ಜನ ಮಾತ್ರ. ಅಮಲ್ದಾರರು ಕುರ್ಚಿಯಿಂದ ಏಳಲಿಲ್ಲ. "ಬಾರಯ್ಯ ಇಲ್ಲಿ," ಅಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು. "ಎರಡು ವರ್ಷದಿಂದ ನನಗೆ ಭಿಕ್ಷೆ ಹಾಕ್ತಿದ್ಯೇನಯ್ಯಾ?"

"ಇಲ್ಲ ಸ್ವಾಮಿ."

ಇಲ್ಲ ಅಂದನೇ ಹೊರತು, ಅನ್ನುವಾಗ ತುಟಿಯ ಕೊನೆ ಒಂಚೂರು ಮೇಲಕ್ಕೆ ಹೋಯಿತು. ಭಯದಲ್ಲಿ ಮೈಯೆಲ್ಲ ತಣ್ಣಗಾಗಿದ್ದರೂ ಅದರೊಳಗೆ ಎಲ್ಲೋ ಒಂದು ನೀಚ ಸುಖ: ಕೊನೆಗೂ ಗೊತ್ತಾಯಿತಲ್ಲ ನಿನಗೆ! ಬೂದಿಗೆರೆ ಹೋದರೆ ಹೋಗಲಿ, ಗೊತ್ತಾಯಿತಲ್ಲ. ಆ ಒಂಚೂರು ನಗೆಯನ್ನು ಅಮಲ್ದಾರರು ಕಂಡರು. "ಹಾಗಾದ್ರೆ ನೀನು ಭಾರೀ ಆಟಗಾರ. ಇವತ್ತು ಆ ಡಾಕ್ಟರ ಕೈಲಿ ಸೋತೆ. ನನ್ನ ಕೈಲಿ ಬೇಕೂಂತ ಸೋತೆ. ಗೆದ್ದಿರೋದು ಯಾರ ಮೇಲಯ್ಯ, ಹೇಳು ಕೇಳೋಣ."

ಆಗ ಅವನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. "ಬೈಲಪ್ಪನ ಮೇಲೆ ದಿನಾ ಗೆಲ್ತೀನಿ ಸ್ವಾಮಿ. ಆರು ಎರಡು, ಆರು ಮೂರು. ದಂಡಿನಲ್ಲಿ ದೊರೆಗಳ ಜೊತೆ ಆಡಿದೋನು ಅವನು."

ಅಮಲ್ದಾರರು ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಶಿರಸ್ತೇದಾರ್ರೇ, ಕೇಳಿದ್ರಾ? ಮಾರ್ಕರನ್ನ ಸೋಲಿಸ್ತಾನಂತೆ! ಲೋ ಬೈಲಪ್ಪ, ಬಾರೋ ಇಲ್ಲಿ. ದಂಡಿನಲ್ಲಿ ನಿನ್ನ ಕೆಲಸ ಏನಿತ್ತೋ?"

ಬೈಲಪ್ಪ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡ. ಸಂಜೀವಪ್ಪನ ಕಡೆ ನೋಡಲಿಲ್ಲ. "ದೊರೆಗಳಿಗೆ ಆಟ ಕೊಡೋದು ಬುದ್ಧಿ."

"ಹಂಗಂದ್ರೆ?"

"ಅವರಿಗೆ ಸಂತೋಷ ಆಗೋ ಹಂಗೆ ಆಡೋದು ಬುದ್ಧಿ. ಬೆವರೂ ಬರಬೇಕು, ಗೆದ್ದಂಗೂ ಆಗಬೇಕು."

"ಇವನಿಗೂ ಕೊಡ್ತಿದ್ಯೋ?"

ಬೈಲಪ್ಪ ಕೈಯಲ್ಲಿದ್ದ ಟವಲು ಮಡಿಸತೊಡಗಿದ. "ಸುಳ್ಳು ಸ್ವಾಮಿ!" ಅಂದ ಸಂಜೀವಪ್ಪ. ದನಿ ಅವನಿಗೇ ಕೀರಲಾಗಿ ಕೇಳಿಸಿತು. ಅಮಲ್ದಾರರು ತಮ್ಮ ಸ್ವಂತ ಬ್ಯಾಟನ್ನು ತೆಗೆದು ಬೈಲಪ್ಪನ ಮುಂದೆ ಹಿಡಿದರು. "ಇನ್ನೂ ಮುಕ್ಕಾಲು ಗಂಟೆ ಬೆಳಕಿದೆ. ಒಂದು ಸೆಟ್ಟು ಆಡು ಇವನ ಜೊತೆ. ನಿಜವಾಗಿ ಆಡಬೇಕು. ಒಂದೇ ಒಂದು ಚೆಂಡು ಬೇಕೂಂತ ಬಿಟ್ಟೆಯೋ, ನಾಳೆಯಿಂದ ಈ ಕಡೆ ತಲೆ ಹಾಕಬೇಡ."

"ಬ್ಯಾಡಿ ಬುದ್ಧಿ," ಅಂದ ಬೈಲಪ್ಪ. "ಅವರು ದಣಿದವ್ರೆ." ಅಮಲ್ದಾರರು ಬ್ಯಾಟನ್ನು ಅವನ ಎದೆಗೆ ಒತ್ತಿದರು.

ಬೈಲಪ್ಪನದು ಬರಿಗಾಲು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ಅವನು ಓಡಲೇ ಇಲ್ಲ. ಸಂಜೀವಪ್ಪ ಎಲ್ಲಿಗೆ ಹೊಡೆದರೂ ಅಲ್ಲಿ ಅವನು ಮೊದಲೇ ನಿಂತಿರುತ್ತಿದ್ದ. ಬೆಳಿಗ್ಗೆ ಹೊತ್ತೂ, ಓಡಿದ ಹಾಗೆ ಕಂಡರೂ, ಚೆಂಡಿಗಿಂತ ಮೊದಲೇ ಅಲ್ಲಿರುತ್ತಿದ್ದನಲ್ಲವೇ? ಆಗ ಅವನು ತಿರುಗಿ ಹೊಡೆದದ್ದೆಲ್ಲ ಸಂಜೀವಪ್ಪನ ಬಲಗೈಗೆ, ಸೊಂಟದ ಎತ್ತರಕ್ಕೆ ಬಂದು ನಿಲ್ಲುತ್ತಿತ್ತು. ತನ್ನ ಕಾಲಿನ ಚುರುಕು ಅದು ಎಂದು ಇವನು ತಿಳಿದಿದ್ದ. ಎರಡು ವರ್ಷ ಆ ಮುದುಕ ಮಗುವಿಗೆ ಉಣ್ಣಿಸಿದ ಹಾಗೆ ತುತ್ತು ತುತ್ತಾಗಿ ಇವನ ಬ್ಯಾಟಿಗೆ ಚೆಂಡು ಇಟ್ಟಿದ್ದ. ಹೊಟ್ಟೆಗೆ ಹೊಡೆದಾಗ ಸರಿಯದೆ ನಿಂತದ್ದೂ ಅದಕ್ಕೇ! ಈಗ ಚೆಂಡು ಎಡಗಾಲಿನ ಬುಡಕ್ಕೆ ಬಂತು, ಹಿಂದಿನ ಗೆರೆಯ ಮೇಲೆ ಬಂತು, ನೆಟ್ಟು ದಾಟಿ ಅಲ್ಲೇ ಸತ್ತುಬಿತ್ತು. ಒಂದು ಸೊನ್ನೆ. ಎರಡು. ಮೂರು. ಸಂಜೀವಪ್ಪ ಜಾರಿ ಬಿದ್ದು ಎದ್ದ, ಬಿಳಿ ಷರಾಯಿಗೆ ಸಗಣಿ ಮೆತ್ತಿತು. ಅಮಲ್ದಾರರು ಒಂದೊಂದು ಪಾಯಿಂಟನ್ನೂ ತಾವೇ ಕೂಗುತ್ತಿದ್ದರು, ಹಬ್ಬದೂಟ ಮಾಡುವವರ ಹಾಗೆ, ಆತುರವಿಲ್ಲದೆ. ಹಾಗಾದರೆ ತಾನು ಯಾರು? ಅಮಲ್ದಾರರ ಜೊತೆ ನಿಜವಾಗಿ ಆಡಿದ್ದರೂ ಗೆಲ್ಲುತ್ತಿದ್ದೆನೇ? ಆ ಮೊದಲ ಸಂಜೆಯ ನಾಲ್ಕು ಗೇಮ್ ಬಿಟ್ಟರೆ ಅದಕ್ಕೆ ಏನು ಗುರುತಿದೆ? ಅಳು ಬಂತು, ಬೆವರು ಅನ್ನುವ ಹಾಗೆ ತೋಳಿನಿಂದ ಒರೆಸಿಕೊಂಡ. ಐದು ಸೊನ್ನೆ.

ಆರನೆಯ ಗೇಮು ಶುರುವಾದಾಗ ಬೈಲಪ್ಪ ಮೊದಲನೆಯ ಬಾರಿಗೆ ಇವನ ಮುಖವನ್ನು ನೇರವಾಗಿ ನೋಡಿದ. ಆಮೇಲೆ ಬಂದ ಚೆಂಡು ಬಲಗೈಗೆ, ಸೊಂಟದ ಎತ್ತರಕ್ಕೆ ಬಂತು. ಸಂಜೀವಪ್ಪ ಹೊಡೆದ. ಬೈಲಪ್ಪ ಎರಡು ಹೆಜ್ಜೆ ಓಡಿ, ಬ್ಯಾಟು ಚಾಚಿ, ಎಟುಕದೆ ನಿಂತು ಏದುಸಿರು ಬಿಟ್ಟ. "ಛೆ" ಅನ್ನಲಿಲ್ಲ, ತೊಡೆಗೆ ಹೊಡೆದುಕೊಳ್ಳಲಿಲ್ಲ. ಯಾರಿಗೂ ಅನುಮಾನ ಬರುವಂತಿರಲಿಲ್ಲ, ಅಷ್ಟು ಚೊಕ್ಕವಾಗಿತ್ತು ಆ ಸೋಲು. ಇನ್ನೊಂದು. ಮತ್ತೊಂದನ್ನು ಗೆರೆಯಿಂದ ಬೆರಳಗಲ ಆಚೆ ಹಾಕಿದ. ಗೇಮು ಸಂಜೀವಪ್ಪನದಾಯಿತು. "ಪರವಾಗಿಲ್ವೇ, ಮುದುಕ ಸುಸ್ತಾದ. ಒಂದು ಹೊಡೆದ ನೋಡಿ ನಮ್ಮವನು," ಅಂದರು ಶಿರಸ್ತೇದಾರರು. ಅಮಲ್ದಾರರೂ ಹೂಂ ಅಂದರು. ಅವರಿಗೂ ಆ ವೇಳೆಗೆ ಕೋಪ ಇಳಿದಿತ್ತು. ಬೈಲಪ್ಪ ಚೆಂಡು ಕೊಡಲು ನೆಟ್ಟಿನ ಹತ್ತಿರ ಬಂದ. ಇಟ್ಟುಕೊಳ್ಳಿ ಸ್ವಾಮಿ, ಅನ್ನುವ ಹಾಗಿತ್ತು ಅವನ ಕಣ್ಣು. ಆ ಒಂದು ಗೇಮನ್ನು ಇಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಹೆಂಡತಿಗೆ ಹೇಳಬಹುದಿತ್ತು. ಆದರೆ ಆ ಕಣ್ಣಿನಲ್ಲಿದ್ದ ಕನಿಕರ ಬೆಂಚಿನವರ ನಗೆಗಿಂತ ಹೆಚ್ಚು ಉರಿಯಿತು. ಚೆಂಡು ಹೆಕ್ಕುವವನು ತನ್ನನ್ನು ನೋಡಿ ಅಯ್ಯೋ ಪಾಪ ಅನ್ನುವುದೇ?

"ಸ್ವಾಮಿ," ಅಂದ ಸಂಜೀವಪ್ಪ, ಕುರ್ಚಿಯ ಕಡೆ ತಿರುಗಿ. "ಇವನು ಬೇಕೂಂತ ಬಿಟ್ಟ."

"ಬಿಟ್ಟೆಯೇನೋ?" ಅಂದರು ಅಮಲ್ದಾರರು.

ಬೈಲಪ್ಪ ಇಲ್ಲ ಅನ್ನಬಹುದಿತ್ತು, ಎಲ್ಲರೂ ನಂಬುತ್ತಿದ್ದರು. ಅವನು ಸಂಜೀವಪ್ಪನನ್ನು ನೋಡುತ್ತ ನಿಂತ. ಕೋಪದಿಂದಲ್ಲ, ಪರಿಚಯವಿಲ್ಲದ ಯಾರನ್ನೋ ನೋಡುವ ಹಾಗೆ. "ಹೌದು ಬುದ್ಧಿ. ಒಂದಾದ್ರೂ ಇರ್ಲಿ ಅಂತ ಬಿಟ್ಟೆ."

ಬ್ಯಾಟಿನ ಹಿಡಿಯನ್ನು ಟವಲಿನಿಂದ ಒರೆಸಿ ಕುರ್ಚಿಯ ಮೇಲೆ ಇಟ್ಟ. ದಿನದ ಹಾಗೆ ನೆಟ್ಟು ಬಿಚ್ಚಲು ಕಂಬದ ಹತ್ತಿರ ಹೋದವನನ್ನು ಅಮಲ್ದಾರರು, "ಬಿಡೋ ಅದನ್ನ. ಆಡಿದ ಮಾತು ಆಡಿದ್ದೇ. ಹೋಗು ನೀನು," ಅಂದರು. ಬೈಲಪ್ಪ ಕೈ ಮುಗಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಬೇಲಿಯ ಬಾಗಿಲು ದಾಟಿ ಕೋಟೆಯ ಕಡೆ ನಡೆದ. ಇಪ್ಪತ್ತು ಹೆಜ್ಜೆಗೊಮ್ಮೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ. ಅಮಲ್ದಾರರು ಕೋಟು ತೊಟ್ಟುಕೊಂಡು, ಸಂಜೀವಪ್ಪನ ಮೈಮೇಲಿನ ಸಗಣಿಯನ್ನು ಮೇಲಿಂದ ಕೆಳಗೆ ನೋಡಿ, "ಬೂದಿಗೆರೆ ವಿಚಾರ ಆಮೇಲೆ ನೋಡೋಣ," ಅಂದರು. ಮೆಟ್ಟಿಲಿಳಿಯುತ್ತ ಶಿರಸ್ತೇದಾರರಿಗೆ, "ನಾಳೆ ಭಾನುವಾರ, ಕೋರ್ಟು ಸಾರಿಸೋ ದಿನ. ಎಲ್ಲಿಂದ ತರೋಣ ಈಗ ಇನ್ನೊಬ್ಬನ್ನ?" ಅಂದರು.

"ಬೇರೆ ಜನ ಸಿಗೋವರೆಗೂ ನಾನೇ ನೋಡ್ಕೋತೀನಿ ಸ್ವಾಮಿ," ಅಂದ ಸಂಜೀವಪ್ಪ.

ಹಾಗನ್ನು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.